ಪಂಕ್ತಿ ಒಂದೇ, ಬುತ್ತಿ ಬೇರೆ



ಚರಿತ್ರೆಯ ಪಾಠದಲ್ಲಿ 1906 ಎಂದೊಡನೆ ನಿಮಗೆ ನೆನಪಾಗುವುದು ಢಾಕಾದಲ್ಲಿ ಮುಸ್ಲಿಂ ಲೀಗಿನ ಸ್ಥಾಪನೆ ಮತ್ತು ದಾದಾಭಾಯಿ ನವರೋಜಿಯವರ ಅಧ್ಯಕ್ಷತೆಯಲ್ಲಿ ನಡೆದ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಆದರೆ ನಮ್ಮ ಪಠ್ಯಪುಸ್ತಕದಲ್ಲಿ ಸ್ಥಳ ಪಡೆಯದ ಇನ್ನೆರಡು ಸಂಗತಿಗಳೂ ಅದೇ ವರ್ಷ ನಡೆದವು. ಬ್ರಿಟನ್ನಿನ ಸಂಸತ್ತು ಶಾಲಾ ಮಕ್ಕಳಿಗೆ ಊಟ ಒದಗಿಸಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ನೀಡುವ ಕಾಯಿದೆಯನ್ನು ಮಾಡಿತು. ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ತನ್ನ ಚಿಕ್ಕ ಲೇಖನವೊಂದರಲ್ಲಿ ‘ಅಲರ್ಜಿ’ ಎಂಬ ಹೊಸ ಶಬ್ದವನ್ನು ಲೋಕಕ್ಕೆ ಕೊಟ್ಟರು. ಹಸಿದ ಮಕ್ಕಳಿಗೆಲ್ಲ ಉಣಿಸಬೇಕು ಎಂಬುದು ಮೊದಲನೆಯದರ ತಿರುಳು. ಒಬ್ಬರಂತೆ ಇನ್ನೊಬ್ಬರ ದೇಹವಿಲ್ಲ ಎಂಬುದು ಎರಡನೆಯದರ ತಿರುಳು. ಈ ಎರಡು ಮಾತುಗಳು ಶಾಲೆಯ ಊಟದ ಕೋಣೆಯಲ್ಲಿ ಹೇಗೆ ಸಂಧಿಸಿದವು ಎಂಬುದೇ ಈ ಲೇಖನದ ವಿಷಯ.

ಇದನ್ನು ಬರೆಯಲು ಕಾರಣವೂ ಇದೆ. ವಿದೇಶದಲ್ಲಿ ನೆಲೆಸಿರುವ ನಿಮ್ಮಲ್ಲಿ ಕೆಲವರು, “ನಮ್ಮ ಮಗುವಿನ ಶಾಲೆಯಲ್ಲಿ ಕಡಲೆಕಾಯಿಯನ್ನು ತರುವಂತೆಯೇ ಇಲ್ಲ, ಡಬ್ಬಿಗೆ ಏನು ಹಾಕಿ ಕಳಿಸುವುದು?” ಎಂದು ಕೇಳುತ್ತೀರಿ. ಬೆಂಗಳೂರಿನಲ್ಲಿರುವವರು, “ಮೊಮ್ಮಗನಿಗೆ ಹಾಲು ಆಗದು ಎಂದು ಡಾಕ್ಟರು ಹೇಳಿದ್ದಾರೆ, ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇತ್ತೇ?” ಎಂದು ಕೇಳುತ್ತೀರಿ. ಅಡುಗೆಯ ಪ್ರಶ್ನೆಯನ್ನು ಇತಿಹಾಸ ಕಲಿಸಿದವರ ಬಳಿ ತಂದರೆ ಉತ್ತರವೂ ಇತಿಹಾಸದಿಂದಲೇ ಆರಂಭವಾಗುತ್ತದೆ. ಸ್ವಲ್ಪ ತಾಳ್ಮೆಯಿರಲಿ.

ಹಳೆಯ ಅರಿವು, ಹೊಸ ಹೆಸರು

‘ನಮ್ಮ ಕಾಲದಲ್ಲಿ ಇದು ಇರಲಿಲ್ಲ’ ಎಂಬ ಮಾತು ಪೂರ್ಣ ಸತ್ಯವಲ್ಲ. ಗಿಣ್ಣು, ಅಂದರೆ ಚೀಸ್, ಕೆಲವರಿಗೆ ಪುಷ್ಟಿ ಕೊಟ್ಟರೆ ಕೆಲವರಿಗೆ ತೊಂದರೆ ಕೊಡುತ್ತದೆ ಎಂಬುದನ್ನು ಗ್ರೀಸಿನ ಹಿಪ್ಪೊಕ್ರಾಟಿಸನ ಹೆಸರಿನಲ್ಲಿರುವ ವೈದ್ಯಗ್ರಂಥಗಳು ಗುರುತಿಸಿದ್ದವು. ನಮ್ಮ ಆಯುರ್ವೇದವು ದೇಹಕ್ಕೆ ಒಗ್ಗುವುದನ್ನು ಸಾತ್ಮ್ಯವೆಂದೂ ಒಗ್ಗದುದನ್ನು ಅಸಾತ್ಮ್ಯವೆಂದೂ ಕರೆಯಿತು. ನಮ್ಮ ಅಜ್ಜಿಯರ ಬಾಯಲ್ಲಿ ‘ನಂಜು’, ‘ಪಿತ್ತಗಂಧೆ’, ‘ಪಥ್ಯ’ ಎಂಬ ಮಾತುಗಳು ದಿನನಿತ್ಯ ಬರುತ್ತಿದ್ದವು. ಮೈಮೇಲೆ ದದ್ದು ಎದ್ದು ತುರಿಸಿದರೆ ಹಿಂದಿನ ದಿನ ಏನು ತಿಂದೆ ಎಂದು ಮೊದಲು ಕೇಳುತ್ತಿದ್ದವರು ಅವರೇ. ಅವರಿಗೆ ಗೊತ್ತಿರದಿದ್ದುದು ಒಳಗಿನ ಕಾರಣ.

ಆ ಕಾರಣದ ಹುಡುಕಾಟ ಸಮುದ್ರಯಾನವೊಂದರಿಂದ ಆರಂಭವಾಯಿತೆನ್ನಬಹುದು. 1901ರಲ್ಲಿ ಮೊನಾಕೋದ ರಾಜಕುಮಾರ ಒಂದನೆಯ ಆಲ್ಬರ್ಟನ ಹಡಗಿನಲ್ಲಿ ಹೊರಟ ಶಾರ್ಲ್ ರಿಶೆ ಮತ್ತು ಪೌಲ್ ಪೋರ್ತಿಯೇ ಎಂಬ ಫ್ರೆಂಚ್ ವಿಜ್ಞಾನಿಗಳು ಕಡಲಜೀವಿಗಳ ವಿಷವನ್ನು ಅಭ್ಯಾಸ ಮಾಡುತ್ತಿದ್ದರು. ಊರಿಗೆ ಮರಳಿದ ಮೇಲೆ ನಾಯಿಗಳಿಗೆ ಅಲ್ಪ ಪ್ರಮಾಣದ ವಿಷ ಕೊಟ್ಟು ಅವುಗಳಲ್ಲಿ ರಕ್ಷಣೆ ಬೆಳೆಸಲು ಯತ್ನಿಸಿದರು. ಆದದ್ದು ತದ್ವಿರುದ್ಧ. ಮೊದಲ ಸಲ ಸಹಿಸಿಕೊಂಡಿದ್ದ ನಾಯಿ ಕೆಲವು ವಾರಗಳ ನಂತರ ಮತ್ತೆ ಕೊಟ್ಟ ಅಲ್ಪ ಪ್ರಮಾಣಕ್ಕೇ ಅರ್ಧ ಗಂಟೆಯೊಳಗೆ ಸತ್ತುಹೋಯಿತು. 1902ರಲ್ಲಿ ಇದಕ್ಕೆ ‘ಅನಾಫಿಲಾಕ್ಸಿಸ್’ ಎಂದು ಹೆಸರಿಟ್ಟರು. 1913ರ ನೊಬೆಲ್ ಪ್ರಶಸ್ತಿ ರಿಶೆಗೆ ಸಂದಿತು. ಕಾಪಾಡಬೇಕಾದ ಕಾವಲುಗಾರನೇ ಮನೆಯವರ ಮೇಲೆ ಕತ್ತಿ ಬೀಸುವ ಪರಿಯಿದು.

ಪಿರ್ಕೆಯವರ ‘ಅಲರ್ಜಿ’ ಪದ ಗ್ರೀಕಿನ ಎರಡು ಶಬ್ದಗಳಿಂದ ಕೂಡಿದ್ದು. ‘ಬೇರೆ ರೀತಿಯ ವರ್ತನೆ’ ಎಂಬುದು ಅದರ ಸ್ಥೂಲಾರ್ಥ. ಮುಂದೆ 1921ರಲ್ಲಿ ಜರ್ಮನಿಯಲ್ಲಿ ಪ್ರಾಸ್ನಿಟ್ಸ್ ಮತ್ತು ಕ್ಯೂಸ್ಟ್ನರ್ ಎಂಬ ಇಬ್ಬರು ವೈದ್ಯರು ತಮ್ಮ ಮೈಮೇಲೆಯೇ ಒಂದು ಪ್ರಯೋಗ ಮಾಡಿಕೊಂಡರು. ಕ್ಯೂಸ್ಟ್ನರ್ ಅವರಿಗೆ ಮೀನು ಆಗುತ್ತಿರಲಿಲ್ಲ. ಅವರ ರಕ್ತದ ಸೀರಂ ಅನ್ನು ಪ್ರಾಸ್ನಿಟ್ಸ್ ತಮ್ಮ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಕೊಂಡಾಗ ದದ್ದು ಎದ್ದಿತು. ಅಂದರೆ ತೊಂದರೆ ಕೊಡುವ ವಸ್ತು ರಕ್ತದಲ್ಲಿದೆ ಎಂದಾಯಿತು. ಆ ವಸ್ತುವನ್ನು 1966ರಲ್ಲಿ ಅಮೆರಿಕದಲ್ಲಿದ್ದ ಇಶಿಜಾಕಾ ದಂಪತಿಗಳು ಗುರುತಿಸಿದರು. ‘ಐಜಿಇ’ ಎಂದು ಇಂದು ನಿಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವುದು ಅದೇ.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವುದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ; ಅದು ಅಲರ್ಜಿಯಲ್ಲ. ಗೋಧಿಯ ಗ್ಲುಟೆನ್‌ನಿಂದ ಕರುಳು ಸವೆಯುವ ಸೀಲಿಯಾಕ್ ರೋಗವೂ ಬೇರೆಯೇ. ಅದರ ಕಾರಣವನ್ನು ಸ್ಥಾಪಿಸಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಗೋಧಿಯ ಮೇಲಿನ ಅವರ ಸಂಶಯ ಯುದ್ಧಕ್ಕೆ ಮುಂಚಿನದೇ ಆದರೂ, 1944-45ರ ಕ್ಷಾಮದ ಚಳಿಗಾಲದಲ್ಲಿ ರೊಟ್ಟಿ ಸಿಗದೆ ಜನ ಸಾಯುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡದ್ದು ಅದಕ್ಕೆ ಬಲ ಕೊಟ್ಟಿತು. 1950ರಲ್ಲಿ ಅವರ ಪ್ರಬಂಧ ಹೊರಬಂತು. ಊರಿಗೆಲ್ಲ ಅನ್ನವಾದುದು ಒಂದು ಮಗುವಿಗೆ ವಿಷವಾಗಬಹುದು ಎಂಬುದಕ್ಕೆ ಇದಕ್ಕಿಂತ ದಾರುಣವಾದ ಸಾಕ್ಷಿ ಬೇಕೇ?

ಎಲ್ಲರಿಗೂ ಒಂದೇ ಅಳತೆ

ಪಿರ್ಕೆಯವರ ಬದುಕಿನ ಇನ್ನೊಂದು ಅಧ್ಯಾಯ ನನ್ನನ್ನು ಬಹುವಾಗಿ ಆಕರ್ಷಿಸಿದೆ. ಮೊದಲ ಮಹಾಯುದ್ಧದಲ್ಲಿ ಸೋತ ಆಸ್ಟ್ರಿಯಾದಲ್ಲಿ ಮಕ್ಕಳು ಹಸಿವಿನಿಂದ ಬಳಲುತ್ತಿದ್ದಾಗ, 1919ರಿಂದ ಅಮೆರಿಕದ ನೆರವಿನಲ್ಲಿ ನಡೆದ ಮಕ್ಕಳ ಊಟದ ಯೋಜನೆಗೆ ನಿರ್ದೇಶಕರಾದವರು ಇವರೇ. ಲಕ್ಷಾಂತರ ಮಕ್ಕಳಿಗೆ ಉಣಿಸಬೇಕಾಗಿತ್ತು. ಅದಕ್ಕಾಗಿ ಅವರು ಒಂದು ಗ್ರಾಂ ಹಾಲಿನ ಪೋಷಕಶಕ್ತಿಯನ್ನೇ ಮೂಲಮಾನವಾಗಿಟ್ಟುಕೊಂಡು ಎಲ್ಲ ಆಹಾರವನ್ನೂ ಅಳೆದರು. ಕುಳಿತಾಗಿನ ಎತ್ತರವನ್ನೂ ತೂಕವನ್ನೂ ನೋಡಿ ಯಾವ ಮಗು ಹೆಚ್ಚು ಸೊರಗಿದೆ ಎಂದು ನಿರ್ಧರಿಸಿದರು. ‘ದೇಹ ದೇಹಕ್ಕೂ ವ್ಯತ್ಯಾಸವಿದೆ’ ಎಂದು ಶಬ್ದ ಸೃಷ್ಟಿಸಿದ ಮನುಷ್ಯನೇ ‘ಎಲ್ಲರಿಗೂ ಒಂದೇ ಅಳತೆ’ಯನ್ನೂ ರೂಪಿಸಬೇಕಾಯಿತು! ಇದು ವಿರೋಧಾಭಾಸವಲ್ಲ. ಕ್ಷಾಮದಲ್ಲಿ ಮೊದಲ ಕರ್ತವ್ಯ ಹಸಿವನ್ನು ನೀಗುವುದು.

ನಮ್ಮ ನಾಡಿನ ಕಥೆಯೂ ಹೀಗೆಯೇ ಹಸಿವಿನಿಂದ ಆರಂಭವಾಗುತ್ತದೆ. 1920ರಲ್ಲಿ ಮದರಾಸು ನಗರಸಭೆ ಥೌಸಂಡ್ ಲೈಟ್ಸ್ ಪ್ರದೇಶದ ತನ್ನ ಶಾಲೆಯೊಂದರಲ್ಲಿ ಮಕ್ಕಳಿಗೆ ತಿಂಡಿ ಕೊಡಲು ತೀರ್ಮಾನಿಸಿತು. 1956ರಲ್ಲಿ ಕಾಮರಾಜರು, 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರು ತಮಿಳುನಾಡಿನಲ್ಲಿ ಅದನ್ನು ವಿಸ್ತರಿಸಿದರು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರದ ಯೋಜನೆ ಬಂದರೂ ಹಲವೆಡೆ ಕಾಳು ಮಾತ್ರ ಹಂಚುತ್ತಿದ್ದರು. ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಕರ್ನಾಟಕದಲ್ಲಿ 2002ರಿಂದ ಅಕ್ಷರ ದಾಸೋಹ ಜಾರಿಗೆ ಬಂತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯದ 150 ಮಿಲಿ ಲೀಟರ್ ಹಾಲು ಸೇರಿತು.

ಅದಕ್ಕೂ ಹಿಂದಿನ ಕಾಲವನ್ನು ನನ್ನ ಓರಗೆಯವರು ಬಲ್ಲರು. 1960ರ ದಶಕದ ಕೊನೆಯಲ್ಲಿ ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಮೆರಿಕದಿಂದ ಕೇರ್ ಸಂಸ್ಥೆಯ ಮೂಲಕ ಬಂದ ಹಳದಿ ರವೆಯ ಉಪ್ಪಿಟ್ಟು, ಪುಡಿಯಿಂದ ಕಲಸಿದ ಹಾಲು. ಸಾಲಾಗಿ ಕುಳಿತು ತಟ್ಟೆಯೊಡ್ಡಿದರೆ ಆ ಉಪ್ಪಿಟ್ಟಿನ ಪರಿಮಳವೇ ಅರ್ಧ ಹೊಟ್ಟೆ ತುಂಬಿಸುತ್ತಿತ್ತು. ಮೆಕ್ಕೆಜೋಳ, ಸೋಯಾ, ಗೋಧಿ, ಹಾಲು: ಇಂದಿನ ಅಲರ್ಜಿ ಪಟ್ಟಿಯ ಪ್ರಮುಖರು ಅನೇಕರು ಆ ಬೋಗುಣಿಯಲ್ಲಿಯೇ ಇದ್ದರು. ಯಾರಿಗೋ ಆಗದೆ ಹೋಗಿರಬಹುದು. ‘ಹೊಟ್ಟೆ ನೋವು’ ಎಂಬ ಮಾತಿನಲ್ಲಿ ಅದು ಮುಗಿದುಹೋಗುತ್ತಿತ್ತು.

ನಮ್ಮ ಮೈಸೂರಿನ ಪಾಲೂ ಇದರಲ್ಲಿದೆ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಡಾ. ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ ‘ಬಹೂಪಯೋಗಿ ಆಹಾರ’ವೊಂದನ್ನು ಸಿದ್ಧಪಡಿಸಿತು. ಮೂರು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಒಂದು ಪಾಲು ಕಡಲೆ ಹಿಟ್ಟು, ಜೊತೆಗೆ ಜೀವಸತ್ತ್ವ ಮತ್ತು ಖನಿಜಗಳು. ಹಾಲು ದುಬಾರಿಯಾಗಿದ್ದ ದೇಶದಲ್ಲಿ ಬಡ ಮಕ್ಕಳಿಗೆ ಅಗ್ಗವಾಗಿ ಪ್ರೋಟೀನ್ ಕೊಡುವ ಉಪಾಯವಿದು. ಹೀಗೆ ಇಲ್ಲಿ ಮಕ್ಕಳನ್ನು ಉಳಿಸಲು ಆರಿಸಿದ ಕಡಲೆಕಾಯಿಯೇ ಕೆಲವು ದಶಕಗಳ ನಂತರ ಪಶ್ಚಿಮದ ಶಾಲೆಗಳ ಬಾಗಿಲಲ್ಲಿ ತಡೆಹಿಡಿಯಲ್ಪಟ್ಟ ಮೊದಲ ಕಾಳಾಯಿತು.

ದೂರವಿಟ್ಟದ್ದರ ಫಲ

ಪಶ್ಚಿಮದ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ 2003ರಲ್ಲಿ ಹದಿಮೂರು ವರ್ಷದ ವಿದ್ಯಾರ್ಥಿನಿಯೊಬ್ಬಳು ಶಾಲೆಯ ಊಟದ ಕೋಣೆಯಲ್ಲಿ ಆಲೂಗಡ್ಡೆಯ ಕರಿದ ತಿಂಡಿ ತಿಂದು ತೀರಿಕೊಂಡಳು. ಅವಳಿಗೆ ಹಾಲಿನ ಪದಾರ್ಥ ಆಗುತ್ತಿರಲಿಲ್ಲ. ಗಿಣ್ಣು ಮುಟ್ಟಿದ ಇಕ್ಕಳ ಅವಳ ತಿಂಡಿಗೂ ತಗುಲಿತ್ತೆಂದು ವರದಿಯಾಯಿತು. ಅವಳ ಹೆಸರಿನಲ್ಲಿಯೇ 2005ರಲ್ಲಿ ‘ಸಬ್ರಿನಾ ಕಾನೂನು’ ಬಂತು. ಪ್ರತಿ ಶಾಲೆಯೂ ಇಂಥ ಮಕ್ಕಳಿಗಾಗಿ ಯೋಜನೆ ಹೊಂದಿರಬೇಕು, ಶಿಕ್ಷಕರು ತರಬೇತಿ ಪಡೆದಿರಬೇಕು ಎಂದು ಅದು ವಿಧಿಸಿತು.

ಆದರೆ ಇನ್ನೊಂದು ಕಡೆ, ಭಯ ತನ್ನ ಮೇರೆಯನ್ನು ಮೀರಿತು. ಅಲರ್ಜಿಯ ಹಿನ್ನೆಲೆಯಿರುವ ಕುಟುಂಬಗಳ ಕೂಸುಗಳಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿಯನ್ನು ಕೊಡಬೇಡಿ ಎಂದು ಬ್ರಿಟನ್ 1998ರಲ್ಲಿ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಸಲಹೆ ನೀಡಿದವು. ಅಲರ್ಜಿ ಕಡಿಮೆಯಾಗಲಿಲ್ಲ. 2008ರಲ್ಲಿ ಲಂಡನ್ನಿನ ಸಂಶೋಧಕರು ಒಂದು ಕುತೂಹಲದ ಹೋಲಿಕೆ ಪ್ರಕಟಿಸಿದರು. ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಕಡಲೆಕಾಯಿ ಅಲರ್ಜಿ ಇಸ್ರೇಲಿನ ಯಹೂದಿ ಮಕ್ಕಳಿಗಿಂತ ಸುಮಾರು ಹತ್ತುಪಟ್ಟು ಹೆಚ್ಚಿತ್ತು. ಇಸ್ರೇಲಿನ ಕೂಸುಗಳು ‘ಬಾಂಬಾ’ ಎಂಬ ಕಡಲೆಕಾಯಿಯ ಹಗುರ ತಿನಿಸನ್ನು ಮೊದಲ ವರ್ಷದಲ್ಲಿಯೇ ತಿನ್ನುತ್ತಿದ್ದವು. ಅದನ್ನು ಪರೀಕ್ಷಿಸಲು 640 ಕೂಸುಗಳನ್ನು ಐದು ವರ್ಷದ ಪ್ರಾಯದವರೆಗೆ ಅನುಸರಿಸಿದ ಅಧ್ಯಯನದ ಫಲ 2015ರಲ್ಲಿ ಹೊರಬಂತು. ಆರಂಭದ ಚರ್ಮಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಕ್ಕಳ ಪೈಕಿ, ಕಡಲೆಕಾಯಿಯಿಂದ ದೂರವಿಟ್ಟವರಲ್ಲಿ ಶೇ. 13.7 ಮಂದಿಗೆ, ತಿನ್ನಿಸಿದವರಲ್ಲಿ ಶೇ. 1.9 ಮಂದಿಗೆ ಮಾತ್ರ ಅಲರ್ಜಿ ಬಂದಿತ್ತು. ರಕ್ಷಣೆಯೆಂದು ಕೊಟ್ಟ ಸಲಹೆಯೇ ಹಾನಿಗೆ ದಾರಿಯಾಗಿತ್ತು.

ಇದನ್ನೋದಿ ಯಾರೂ ತಾವೇ ಪ್ರಯೋಗಕ್ಕಿಳಿಯಬಾರದು. ತೀವ್ರವಾದ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿಯಿರುವ ಕೂಸಿಗೆ ವೈದ್ಯರ ಪರೀಕ್ಷೆಯಾದ ನಂತರವೇ ಕೊಡಬೇಕು. ಇಡೀ ಕಾಳು ಗಂಟಲಿಗೆ ಸಿಕ್ಕಿಕೊಳ್ಳುವುದರಿಂದ ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಅಲರ್ಜಿ ಈಗಾಗಲೇ ಇರುವ ಮಗುವಿಗಂತೂ ಇದು ಅನ್ವಯಿಸುವುದೇ ಇಲ್ಲ.

ನಮ್ಮಲ್ಲಿ ಪರಿಸ್ಥಿತಿ ಹೇಗಿದೆ? ಕರ್ನಾಟಕದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ರಕ್ತಪರೀಕ್ಷೆ ಯಾವುದಾದರೊಂದು ಆಹಾರಕ್ಕೆ ಪ್ರತಿಕ್ರಿಯೆ ತೋರಿಸಿತು. ಆದರೆ ನಿಜವಾಗಿ ಅಲರ್ಜಿಯಿರಬಹುದಾದವರು ಶೇ. 1.2 ಮಾತ್ರ. ಭಾರತದ ಶಾಲಾ ಮಕ್ಕಳಲ್ಲಿ ಅದೇ ಸರಣಿಯ ಅಧ್ಯಯನ ಕಂಡ ಪ್ರಮಾಣ ಶೇ. 0.14. ಇದರಿಂದ ಎರಡು ಪಾಠಗಳಿವೆ. ರಕ್ತದ ಚೀಟಿಯೊಂದನ್ನೇ ನಂಬಿ ಹತ್ತು ಆಹಾರಗಳನ್ನು ಬಿಡಿಸಿ ಮಗುವನ್ನು ಸೊರಗಿಸಬೇಡಿ. ಹಾಗೆಯೇ, ಪ್ರಮಾಣ ಅಲ್ಪವೆಂದು ಉದಾಸೀನವನ್ನೂ ಮಾಡಬೇಡಿ. ಸಾವಿರದಲ್ಲಿ ಒಂದು ಮಗು ಎಂದರೆ ಒಂದು ದೊಡ್ಡ ಶಾಲೆಗೆ ಒಂದು ಮಗು. ಆ ಮಗುವಿಗೆ ತಾಯಿ ಇದ್ದಾಳೆ.

ಪಂಕ್ತಿಯ ಪ್ರಶ್ನೆ

ಇಲ್ಲಿ ನಮ್ಮ ಸಮಾಜಕ್ಕೇ ವಿಶಿಷ್ಟವಾದ ತೊಡಕೊಂದಿದೆ. ನಮ್ಮಲ್ಲಿ ‘ನಾನು ಇದನ್ನು ತಿನ್ನುವುದಿಲ್ಲ’ ಎಂಬ ಮಾತಿಗೆ ಶತಮಾನಗಳ ಕಾಲ ಒಂದೇ ಅರ್ಥವಿತ್ತು: ಮಡಿ, ಮೈಲಿಗೆ, ಜಾತಿ. ಯಾರು ಬೇಯಿಸಿದರು, ಯಾರ ಪಕ್ಕ ಕುಳಿತೆ ಎಂಬುದೇ ಊಟದ ಲೆಕ್ಕವಾಗಿತ್ತು. ಬಿಸಿಯೂಟ ಆರಂಭವಾದ ಮೇಲೂ ದಲಿತ ಅಡುಗೆಯವರು ಮಾಡಿದ ಊಟವನ್ನು ನಿರಾಕರಿಸಿದ ಪ್ರಸಂಗಗಳು ದೇಶದ ಹಲವೆಡೆ ನಡೆದವು. ಆದ್ದರಿಂದಲೇ ಶಾಲೆಯ ಸಾಲುಪಂಕ್ತಿ ನಮ್ಮ ಪಾಲಿಗೆ ಬರಿಯ ಊಟವಲ್ಲ, ಸಮಾನತೆಯ ಪಾಠ. ‘ದಾಸೋಹ’ ಎಂಬ ಶರಣರ ಮಾತನ್ನು ಯೋಜನೆಗೆ ಇಟ್ಟದ್ದರಲ್ಲಿ ಅರ್ಥವಿದೆ. ‘ಬಡಿಸಿದ್ದನ್ನು ಬಿಡಬೇಡ, ಹಂಚಿಕೊಂಡು ತಿನ್ನು’ ಎಂದು ಶಿಕ್ಷಕರು ಕಲಿಸುತ್ತ ಬಂದದ್ದೂ ಇದಕ್ಕಾಗಿಯೇ.

ಇಂಥ ವಾತಾವರಣದಲ್ಲಿ ‘ನನಗೆ ಹಾಲು ಆಗುವುದಿಲ್ಲ ಸಾರ್’ ಎನ್ನುವ ಮಗು ಹಟಮಾರಿಯಂತೆ, ಸೊಕ್ಕಿನ ಮಗುವಿನಂತೆ ಕಾಣುವ ಅಪಾಯವಿದೆ. ‘ಒಂದು ತುತ್ತಿಗೆ ಏನಾಗುತ್ತದೆ?’ ಎಂಬ ಪ್ರೀತಿಯ ಒತ್ತಾಯವೂ ಬರುತ್ತದೆ. ಜಾತಿಯ ನಿರಾಕರಣೆಯನ್ನೂ ದೇಹದ ನಿರಾಕರಣೆಯನ್ನೂ ಬೇರೆ ಬೇರೆಯಾಗಿ ಕಾಣುವ ಕಣ್ಣು ನಮಗೆ ಬೇಕು. ಮೊದಲನೆಯದು ಪಂಕ್ತಿಯನ್ನು ಒಡೆಯುತ್ತದೆ. ಎರಡನೆಯದು ತಟ್ಟೆಯನ್ನು ಮಾತ್ರ ಬದಲಿಸಬೇಕೆನ್ನುತ್ತದೆ.

ಇದಕ್ಕೆ ಮಾದರಿ ನಮ್ಮಲ್ಲೇ ಇದೆ. 2022-23ರಲ್ಲಿ ರಾಜ್ಯದಾದ್ಯಂತ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದಾಗ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿಯನ್ನು ಕೊಡುವ ವ್ಯವಸ್ಥೆಯಾಯಿತು. ವಾದವಿವಾದಗಳೇನೇ ಇರಲಿ, ಒಂದೇ ಸಾಲಿನಲ್ಲಿ ಕುಳಿತ ಮಕ್ಕಳ ಕೈಯಲ್ಲಿ ಬೇರೆ ಬೇರೆ ತಿನಿಸಿರಬಹುದು ಎಂಬುದನ್ನು ನಾವು ಒಪ್ಪಿದೆವು. ನಂಬಿಕೆಗೆ ಕೊಟ್ಟ ಮನ್ನಣೆಯನ್ನು ಮಗುವಿನ ಮೈಗೂ ಕೊಡುವುದು ಕಷ್ಟವೇ?

ಇನ್ನು ಡಬ್ಬಿಯ ಮಾತು

ಅಡುಗೆಮನೆಯತ್ತ ಬರೋಣ. ಮೊದಲು, ಮರೆಯಲ್ಲಿ ಕುಳಿತವರನ್ನು ಗುರುತಿಸಬೇಕು. ನಿಪ್ಪಟ್ಟಿನಲ್ಲಿ ಕಡಲೆಕಾಯಿ ಇರುತ್ತದೆ; ಚಿತ್ರಾನ್ನ, ಒಗ್ಗರಣೆ ಅವಲಕ್ಕಿ, ಚಟ್ನಿಪುಡಿಗಳಲ್ಲೂ ಇರುತ್ತದೆ. ಚಕ್ಕುಲಿಯಲ್ಲಿ ಎಳ್ಳು. ಅಮೆರಿಕದಲ್ಲಿ 2023ರ ಜನವರಿಯಿಂದ ಎಳ್ಳನ್ನೂ ಪೊಟ್ಟಣದ ಮೇಲೆ ನಮೂದಿಸಬೇಕಾದ ಪ್ರಮುಖ ಅಲರ್ಜಿ ಪದಾರ್ಥಗಳ ಸಾಲಿಗೆ ಸೇರಿಸಿದರು; ಭಾರತದ 2020ರ ನಿಯಮದ ಪಟ್ಟಿಯಲ್ಲಿ ಕಡಲೆಕಾಯಿ, ಹಾಲು, ಮೊಟ್ಟೆ, ಸೋಯಾ ಮೊದಲಾದವಿದ್ದರೂ ಎಳ್ಳು ಇರಲಿಲ್ಲ. ಅಂಗಡಿಯ ಇಂಗಿನ ಪುಡಿಯಲ್ಲಿ ಬಹಳ ಸಲ ಗೋಧಿ ಅಥವಾ ಮೈದಾ ಹಿಟ್ಟು ಬೆರೆತಿರುತ್ತದೆ. ಗ್ಲುಟೆನ್ ವರ್ಜಿಸುವ ಮಗುವಿಗೆ ಅಕ್ಕಿಯ ತಿಂಡಿಯೂ ಇದರಿಂದ ಕೆಡಬಹುದು. ತುಪ್ಪದಲ್ಲೂ ಹಾಲಿನ ಅಂಶ ಉಳಿದಿರುತ್ತದೆ. ಕಡಲೆಕಾಯಿ ಆಗದ ಕೆಲವರಿಗೆ ಇತರ ಬೇಳೆಕಾಳುಗಳೂ ಆಗದಿರಬಹುದು. ಆದ್ದರಿಂದ ಅದರ ಬದಲು ಹುರಿಗಡಲೆ ಹಾಕುವ ಮುನ್ನ ಮಗು ಅದನ್ನು ಮನೆಯಲ್ಲಿ ತೊಂದರೆಯಿಲ್ಲದೆ ತಿನ್ನುತ್ತಿದೆಯೇ ನೋಡಿಕೊಳ್ಳಿ.

ಇಷ್ಟು ಎಚ್ಚರವಿದ್ದರೆ, ನಮ್ಮ ಹಳೆಯ ತಿನಿಸುಗಳಲ್ಲಿ ಬೇಕಾದಷ್ಟಿವೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ. 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇರುವುದರಿಂದ ಹಾಲು ಬಿಟ್ಟ ಮಗುವಿಗೆ ಬಹಳ ಒಳ್ಳೆಯದು. ರಾಗಿ ಹುರಿಹಿಟ್ಟಿಗೆ ಕರಗಿಸಿದ ಬೆಲ್ಲ, ತೆಂಗಿನ ತುರಿ, ಏಲಕ್ಕಿ ಸೇರಿಸಿ ಉಂಡೆ ಕಟ್ಟಿದರೆ ತುಪ್ಪವೂ ಬೇಡ, ಕಡಲೆಕಾಯಿಯೂ ಬೇಡ. ಪುರಿಗೆ ಬೆಲ್ಲದ ಪಾಕ ಹಾಕಿದರೆ ಪುರಿ ಉಂಡೆ. ಸೊಪ್ಪು, ಕ್ಯಾರೆಟ್ ತುರಿ ಸೇರಿಸಿದ ಅಕ್ಕಿರೊಟ್ಟಿ, ಬೇಳೆ ಒಗ್ಗುವ ಮಕ್ಕಳಿಗೆ ನುಚ್ಚಿನುಂಡೆ ಮತ್ತು ಇಡ್ಲಿ, ಬೇಯಿಸಿದ ಗೆಣಸು, ಬಾಳೆಹಣ್ಣು, ಕಡಲೆಕಾಯಿಯಿಲ್ಲದ ನಿಂಬೆಹಣ್ಣಿನ ಅವಲಕ್ಕಿ: ವಾರಕ್ಕೆ ಸಾಕಲ್ಲವೇ? ತೆಂಗಿನಕಾಯಿಗೆ ಅಲರ್ಜಿ ಅಪರೂಪ. ಅಮೆರಿಕದ ಆಹಾರ ಇಲಾಖೆ 2025ರ ಜನವರಿಯಲ್ಲಿ ಅದನ್ನು ಮರಬೀಜಗಳ ಅಲರ್ಜಿ ಪಟ್ಟಿಯಿಂದ ಕೈಬಿಟ್ಟಿತು. ಆದರೂ ಅಲ್ಲಿರುವವರು ಮಗುವಿನ ಶಾಲೆಯ ನಿಯಮವನ್ನು ಕೇಳಿಯೇ ಕಳಿಸಿ.

ಪಾತ್ರೆಯ ವಿಷಯವನ್ನು ಮರೆಯಬೇಡಿ. ಚಿಕ್ಕಿ ತಟ್ಟಿದ ಮಣೆ, ಎಳ್ಳು ಹುರಿದ ಬಾಣಲೆ, ನಿಪ್ಪಟ್ಟು ಕರಿದ ಎಣ್ಣೆ ಇವು ಆ ಮಗುವಿನ ತಿಂಡಿಗೆ ಸಲ್ಲವು. ಒಂಟಾರಿಯೋದ ಆ ಇಕ್ಕಳ ನೆನಪಿರಲಿ.

ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕ ಶಿಕ್ಷಕಿಯರಾಗಿದ್ದೀರಿ. ತರಗತಿಯಲ್ಲಿ ಯಾರಿಗೆ ಏನು ಆಗದು ಎಂಬುದನ್ನು ವರ್ಷದ ಆರಂಭದಲ್ಲೇ ಬರೆದಿಟ್ಟುಕೊಳ್ಳಿ, ಅಡುಗೆಯವರಿಗೂ ತಿಳಿಸಿ. ತಿಂದ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದು, ತುಟಿ ನಾಲಿಗೆಗಳ ಊತ, ವಾಂತಿ, ಉಸಿರಾಟದ ಕಷ್ಟ, ತಲೆಸುತ್ತು ಕಂಡರೆ ಕಾಯುತ್ತ ಕೂರಬೇಡಿ. ಆಗ ಬೇಕಾದ ಔಷಧ ಅಡ್ರಿನಲಿನ್ ಚುಚ್ಚುಮದ್ದು. ಜಪಾನಿನ ಜೋಕಿಚಿ ತಕಾಮಿನೆ 1901ರ ಸುಮಾರಿಗೆ ಹರಳಿನ ರೂಪದಲ್ಲಿ ಬೇರ್ಪಡಿಸಿಕೊಟ್ಟ ಆ ವಸ್ತುವೇ ಇಂದಿಗೂ ಮೊದಲ ಮದ್ದು. ಕೂಡಲೇ ಆಸ್ಪತ್ರೆಗೆ ಸೇರಿಸಿ. ಮನೆಮದ್ದಿನಲ್ಲಿ ಸಮಯ ಕಳೆಯಬೇಡಿ.

ಎಲ್ಲಕ್ಕಿಂತ ಮುಖ್ಯವಾದುದು, ಆ ಮಗುವನ್ನು ದೂರದ ಬೆಂಚಿನಲ್ಲಿ ಒಂಟಿಯಾಗಿ ಕೂರಿಸಬೇಡಿ. ನಮ್ಮ ನಾಡಿನಲ್ಲಿ ಊಟದ ಹೊತ್ತಿಗೆ ಬೇರೆ ಕೂರಿಸುವುದರ ನೋವೇನೆಂಬುದನ್ನು ಇತಿಹಾಸ ಓದಿದ ನಿಮಗೆ ಬೇರೆಯಾಗಿ ಹೇಳಬೇಕಿಲ್ಲ. ಹಂಚಿ ತಿನ್ನುವ ಗುಣವನ್ನೂ ಬಿಡಿಸಬೇಕಿಲ್ಲ. ಹಂಚುವ ಮುನ್ನ ‘ನಿನಗೆ ಇದು ಆಗುತ್ತದೆಯೇ?’ ಎಂದು ಗೆಳೆಯನನ್ನು ಕೇಳುವುದನ್ನು ಕಲಿಸಿದರೆ ಸಾಕು. ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಪಕ್ಕದವನ ಊಟವನ್ನೂ ಬಲ್ಲವರಾಗೋಣ ಎಂಬುದು ಈ ಕಾಲದ ಸೇರ್ಪಡೆ.

ನಿಮಗೂ ನಿಮ್ಮ ಮಕ್ಕಳು ಮೊಮ್ಮಕ್ಕಳಿಗೂ ಆಯುರಾರೋಗ್ಯ ಲಭಿಸಲಿ. ನಿಮ್ಮ ಮನೆಯ ಡಬ್ಬಿಯಲ್ಲಿ ಇಂದು ಏನಿತ್ತು ಎಂಬುದನ್ನು ಬರೆದು ತಿಳಿಸಿದರೆ ಸಂತೋಷಪಡುತ್ತೇನೆ.